ಇಪಿಒ ಪಾಸಿಟಿವ್ ಬಂದರೆ ಸೈಕ್ಲಿಸ್ಟ್ ಮೇಲೆ ಏನು ಕ್ರಮ?

ಗದಗಿನ ಸೈಕ್ಲಿಸ್ಟ್ ಒಬ್ಬರಿಗೆ ಇಪಿಒ (ಎರಿಥ್ರೊಪೊಯೆಟಿನ್ ಎಂಬ ನಿಷಿದ್ಧ ಹಾರ್ಮೋನ್) ವಿಚಾರವಾಗಿ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ನೋಟಿಸ್ ಬಂದರೆ ಮುಂದೇನು ಎಂದು ಕೇಳಿದ್ದೀರಿ.

ಇಪಿಒ ಮೂಳೆಮಜ್ಜೆಯನ್ನು ಪ್ರಚೋದಿಸಿ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ರಕ್ತ ಗಟ್ಟಿಯಾಗಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಇದೆ. ನಿಷೇಧ ಪಟ್ಟಿಯಲ್ಲಿ ಇದು ‘ನಾನ್-ಸ್ಪೆಸಿಫೈಡ್’, ಅಂದರೆ ಕಠಿಣ ನಿಯಮದ ವರ್ಗದಲ್ಲಿದೆ, ಹಾಗಾಗಿ ನೋಟಿಸ್ ಜೊತೆಗೇ ತಾತ್ಕಾಲಿಕ ಅಮಾನತು ಕಡ್ಡಾಯ. ಈ ಅವಧಿಯಲ್ಲಿ ಫೆಡರೇಷನ್ ಮಾನ್ಯತೆಯ ಜಿಲ್ಲಾ ರೇಸಿಗೂ ಇಳಿಯಬೇಡಿ. ಇಳಿದರೆ ಅಮಾನತಿನ ದಿನಗಳು ಶಿಕ್ಷೆಯಲ್ಲಿ ವಜಾ ಆಗುವುದಿಲ್ಲ.

ಕೊಟ್ಟ ಸ್ಯಾಂಪಲ್ ಅನ್ನು ‘ಎ’, ‘ಬಿ’ ಎಂದು ಎರಡು ಬಾಟಲಿಗೆ ಹಾಕಿರುತ್ತಾರೆ; ಮೊದಲು ಪರೀಕ್ಷಿಸುವುದು ‘ಎ’. ಹಾಗಾಗಿ ನಿಮ್ಮ ಮೊದಲ ನಿರ್ಧಾರ ‘ಬಿ’ ಸ್ಯಾಂಪಲ್ ಪರೀಕ್ಷೆ ಕೇಳಬೇಕೇ ಎಂಬುದು. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಕೇಳದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ‘ಬಿ’ ತಾಳೆಯಾಗದಿದ್ದರೆ ‘ಎ’ ಸ್ಯಾಂಪಲ್ ಆಧಾರದ ಅಮಾನತು ತೆರವಾಗುತ್ತದೆ.

ಸಾಮಾನ್ಯ ಶಿಕ್ಷೆ 4 ವರ್ಷ. ಉದ್ದೇಶಪೂರ್ವಕವಲ್ಲ ಎಂದು ಸಾಬೀತು ಮಾಡುವ ಹೊರೆ ಆಟಗಾರರದ್ದೇ. ‘ಕೋಚ್ ಚುಚ್ಚಿದರು’ ಎಂದಷ್ಟೇ ಹೇಳಿದರೆ ಸಾಲದು, ಚೀಟಿ, ಬಿಲ್ಲು, ವೈದ್ಯರ ದಾಖಲೆ ಬೇಕು. 2021ರ ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯ ಪ್ರಕಾರ, ಆರೋಪಪತ್ರ ಬಂದ 20 ದಿನದೊಳಗೆ ತಪ್ಪೊಪ್ಪಿ ಶಿಕ್ಷೆ ಸ್ವೀಕರಿಸಿದರೆ 1 ವರ್ಷ ಕಡಿಮೆ. ಬಹಳ ಜನ ಹಿತೈಷಿಗಳ ಮಾತು ಕೇಳಿ ಈ ಗಡುವು ಕಳೆದುಕೊಳ್ಳುತ್ತಾರೆ, ಅದು ನಿಜಕ್ಕೂ ನೋವಿನ ಸಂಗತಿ. ಒಪ್ಪದಿದ್ದರೆ ಶಿಸ್ತು ಸಮಿತಿಯ ವಿಚಾರಣೆ, ಆಮೇಲೆ ಮೇಲ್ಮನವಿ. ಸ್ಯಾಂಪಲ್ ಕೊಟ್ಟ ದಿನದಿಂದ ಗೆದ್ದ ಪದಕ, ಬಹುಮಾನವೂ ಸಾಮಾನ್ಯವಾಗಿ ರದ್ದು.

ಇನ್ನೊಂದು ಎಚ್ಚರಿಕೆ: ಸುಸ್ತಿಗೆ ಕ್ಲಿನಿಕ್‌ನಲ್ಲಿ ಹಾಕಿಸುವ ಸಲೈನ್ 12 ಗಂಟೆಯಲ್ಲಿ 100 ಮಿ.ಲೀ. ದಾಟಿದರೆ, ಆಸ್ಪತ್ರೆ ಚಿಕಿತ್ಸೆಯ ಭಾಗವಲ್ಲದಿದ್ದಲ್ಲಿ, ಅದೂ ನಿಷಿದ್ಧ.