ಕಡಿದ ಗುಡ್ಡಕ್ಕೆ ಮರಳಿ ಮರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮರ ಕಡಿದು ಬರಿದಾದ ಜಾಗದಲ್ಲಿ ಗಿಡ ನೆಡುವ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಮುಂಗಾರು ಹಿಡಿಯುವ ಮೊದಲೇ ಉತ್ತರ ಕೈಸೇರಬೇಕಾದ ವಿಷಯವಾದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಇಡೀ ಅಂಕಣವನ್ನು ಇದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಮನೆಯ ಹಿಂದಿನ ಎರಡು ಎಕರೆ ಗುಡ್ಡದಲ್ಲಿ ತಂದೆಯವರು ಹಾಕಿಸಿದ್ದ ಅಕೇಶಿಯಾವನ್ನು ಈ ಚಳಿಗಾಲದಲ್ಲಿ ಕಡಿಸಿದೆವು. ಮತ್ತೆ ಅದನ್ನೇ ಹಾಕದೆ, ಊರಿನ ಕಾಡುಮರಗಳನ್ನು ಮನೆಯವರೇ ಸೇರಿ ನೆಡಬೇಕೆಂದಿದ್ದೇವೆ. ಜೆಸಿಬಿಯಿಂದ ಬುಡಗಳನ್ನು ಕೀಳಿಸಿ, ಸೊಪ್ಪುಸದೆಗೆ ಬೆಂಕಿ ಕೊಟ್ಟು, ನೆಲ ಹಸನು ಮಾಡಿದ ಮೇಲೆ ನೆಡುವುದು ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಎಷ್ಟು ಗಿಡ ಬೇಕು? ಯಾವುವು? ಹೇಗೆ ನೆಡಬೇಕು?
– ಸಾಗರ ತಾಲ್ಲೂಕಿನ ಕೃಷಿಕರು

ಉತ್ತರ: ಜೆಸಿಬಿಯೂ ಬೇಡ, ಬೆಂಕಿಯೂ ಬೇಡ. ನಿಮ್ಮ ಕಡೆಯ ಜಂಬಿಟ್ಟಿಗೆ ಗುಡ್ಡಗಳಲ್ಲಿ ಫಲವತ್ತಾದ ಮೇಲ್ಮಣ್ಣು ತೀರಾ ತೆಳುವಾಗಿರುತ್ತದೆ. ಬುಡ ಕಿತ್ತು ಅದನ್ನು ಸಡಿಲಿಸಿದರೆ ಮೊದಲ ಆಷಾಢದ ಮಳೆಯಲ್ಲೇ ಅದು ಹಳ್ಳ ಸೇರುತ್ತದೆ. ಕೊಳೆಯುವ ಬೇರುಗಳು ನಾಲ್ಕಾರು ವರ್ಷ ಮಣ್ಣನ್ನು ಹಿಡಿದಿಡುತ್ತವೆಯಾದ್ದರಿಂದ ಬುಡಗಳು ಇದ್ದಲ್ಲೇ ಇರಲಿ, ಅಲ್ಲಲ್ಲಿ ಚಿಗುರು ಒಡೆದರೆ ಕತ್ತಿಯಿಂದ ಸವರಿದರಾಯಿತು. ಬೆಂಕಿಯ ವಿಷಯ ಇನ್ನೂ ಕೆಟ್ಟದ್ದು. ಅಕೇಶಿಯಾ ಬೀಜದ ಸಿಪ್ಪೆ ಗಟ್ಟಿಯಾದುದು, ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಮಲಗಿರಬಲ್ಲದು. ಬೆಂಕಿಯ ಕಾವು ತಾಗಿದೊಡನೆ ಸಿಪ್ಪೆ ಬಿರಿದು, ಮಳೆ ಬಿದ್ದಾಗ ಸಾವಿರಗಟ್ಟಲೆ ಮೊಳಕೆಗಳು ಒಟ್ಟಿಗೇ ಏಳುತ್ತವೆ. ನೀವು ಬೇಡವೆಂದು ಕಡಿದದ್ದನ್ನು ನೀವೇ ಬಿತ್ತಿದ ಹಾಗಾಗುತ್ತದೆ. ಸೊಪ್ಪುಸದೆಯನ್ನು ಇಳಿಜಾರಿಗೆ ಅಡ್ಡಲಾಗಿ ಉದ್ದುದ್ದ ಸಾಲುಗಳಲ್ಲಿ ಒಟ್ಟಿದರೆ ಹರಿಯುವ ನೀರಿನ ರಭಸವನ್ನು ಅದು ತಡೆಯುತ್ತದೆ.

ಗುಂಡಿ ತೋಡುವ ಮೊದಲು, ಎರಡು ಮಳೆ ಬಿದ್ದು ಚಿಗುರು ಕಾಣಿಸಿಕೊಂಡ ಮೇಲೆ, ಬಿದಿರಿನ ಗೂಟಗಳ ಹೊರೆ ಹಿಡಿದು ಗುಡ್ಡವನ್ನು ಅಡಿಯಿಂದ ತುದಿಯವರೆಗೆ ನಿಧಾನವಾಗಿ ನಡೆದು ನೋಡಬೇಕು. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಈ ಒಂದು ಕೆಲಸವನ್ನು. ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಅಕೇಶಿಯಾ ತೋಪಿನ ನೆರಳಿನಲ್ಲಿ ಹಕ್ಕಿ, ಬಾವಲಿ, ಕಬ್ಬೆಕ್ಕುಗಳು ಉದುರಿಸಿದ ಬೀಜದಿಂದ ಹುಟ್ಟಿದ ನೇರಳೆ, ಕೌಲು, ಹೊನ್ನೆ, ಮತ್ತಿಯ ಮರಿಗಳೂ, ಹಿಂದಿನ ಕಾಡಿನ ಹಳೆಯ ಬುಡಗಳಿಂದ ಎದ್ದ ಚಿಗುರುಗಳೂ ಸೊಂಟದೆತ್ತರಕ್ಕೆ ಬಂದು ನಿಂತಿರುವುದು ಮಲೆನಾಡಿನಲ್ಲಿ ಸಾಮಾನ್ಯ. ಅಂಥ ಒಂದೊಂದರ ಪಕ್ಕದಲ್ಲೂ ಗೂಟ ನೆಡಿ. ಅದೇ ಮಣ್ಣಿನಲ್ಲಿ ಬೇರು ಬಿಟ್ಟು ಎರಡು ಮೂರು ಬೇಸಿಗೆ ಕಳೆದ ಗಿಡಕ್ಕೆ ನರ್ಸರಿಯ ಯಾವ ಸಸಿಯೂ ಸಮನಲ್ಲ. ಗುರುತು ಹಾಕದಿದ್ದರೆ ಕಳೆ ಸವರುವ ಆಳಿನ ಕತ್ತಿಗೆ ಮೊದಲು ಸಿಗುವುದೂ ಇವೇ.

ಸಸಿಗಳ ಲೆಕ್ಕ ಇದಾದ ನಂತರವೇ ಬರುತ್ತದೆ. ಮೂರು ಮೀಟರಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 450, ಎರಡು ಎಕರೆಗೆ 900 ಸಸಿ ಹಿಡಿಯುತ್ತವೆ. ಗೂಟ ಹಾಕಿದ ಗಿಡಗಳನ್ನು ಇದರಿಂದ ಕಳೆದು, ಉಳಿದ ತೆರಪುಗಳಿಗೆ ಮಾತ್ರ ಸಸಿ ತನ್ನಿ. ಸಾಲು ಹಿಡಿದು ನೆಡುವ ಅಗತ್ಯವಿಲ್ಲ.

ಮೊದಲ ವರ್ಷ ಬಿಸಿಲಿಗೆ ಅಂಜದ ಜಾತಿಗಳನ್ನಷ್ಟೇ ನೆಡಬೇಕು: ನೇರಳೆ, ಹೊನ್ನೆ, ಮತ್ತಿ, ನಂದಿ, ನೆಲ್ಲಿ, ತಾರೆ, ಅತ್ತಿ. ಧೂಪ, ರಾಮಪತ್ರೆ, ಉಪ್ಪಾಗೆಯಂಥವು ಎಳವೆಯಲ್ಲಿ ನೆರಳು ಬಯಸುವ ಮರಗಳು. ಬಟಾಬಯಲಿನಲ್ಲಿ ಇಟ್ಟರೆ ಮೊದಲ ಮಾರ್ಚಿಯಲ್ಲೇ ಎಲೆ ಸುಟ್ಟುಕೊಂಡು ಹೋಗುತ್ತವೆ. ಮೊದಲು ನೆಟ್ಟವು ತಲೆಯ ಮೇಲೆ ಕೊಂಬೆ ಚಾಚಿದ ಮೇಲೆ, ಅಂದರೆ ನಾಲ್ಕೈದು ವರ್ಷಗಳ ಬಳಿಕ, ಅವುಗಳ ಸಂದಿಯಲ್ಲಿ ಇವನ್ನು ತಂದು ನೆಡಬಹುದು.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮೇ ತಿಂಗಳಲ್ಲೇ ತೋಡಿ, ಮೇಲ್ಮಣ್ಣನ್ನು ಒಂದು ಬದಿಗೂ ಅಡಿಯ ಕೆಂಪು ಮಣ್ಣನ್ನು ಇನ್ನೊಂದು ಬದಿಗೂ ಹಾಕಿಡಿ. ಮೊದಲ ಮಳೆಗೇ ಅವಸರಪಡದೆ, ನೆಲ ಒಂದು ಅಡಿ ಆಳದವರೆಗೆ ತೊಯ್ದ ನಂತರ, ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ನೆಡಿ. ಸಸಿಯ ಪ್ಲಾಸ್ಟಿಕ್ ಚೀಲವಾದ ಕೊಟ್ಟೆಯನ್ನು ಎಳೆದು ಕಳಚಬಾರದು, ಬ್ಲೇಡಿನಿಂದ ಬದಿ ಸೀಳಬೇಕು. ನರ್ಸರಿಯಲ್ಲಿ ಬಹುಕಾಲ ಉಳಿದ ಸಸಿಯಾದರೆ ತಾಯಿಬೇರು ಕೊಟ್ಟೆಯ ತಳ ಮುಟ್ಟಿ, ಕೊಡದ ಕೆಳಗಿಡುವ ಸಿಂಬಿಯಂತೆ ಸುತ್ತಿಕೊಂಡಿರುವುದು ಆಗ ಕಣ್ಣಿಗೆ ಬೀಳುತ್ತದೆ. ಆ ಸುತ್ತನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆಯಬೇಕು. ಹಾಗೆಯೇ ನೆಟ್ಟರೆ ಮೇಲೆ ಚೆನ್ನಾಗಿ ಬೆಳೆದಂತೆ ಕಂಡ ಮರ ಎಂಟು ಹತ್ತು ವರ್ಷಕ್ಕೆ ಗಾಳಿಗೆ ಬುಡಸಮೇತ ಉರುಳುವುದುಂಟು. ಮೇಲ್ಮಣ್ಣನ್ನು ಬೇರಿಗೆ ತಾಗುವಂತೆ ಮೊದಲು ತುಂಬಿ, ಕಾಂಡ ಕೊಟ್ಟೆಯಲ್ಲಿ ಎಷ್ಟು ಹುಗಿದಿತ್ತೋ ಅಷ್ಟೇ ಹುಗಿದು, ಕಾಲಿನಿಂದ ಹದವಾಗಿ ತುಳಿದು, ನೀರು ನಿಲ್ಲದಂತೆ ಬುಡವನ್ನು ಸ್ವಲ್ಪ ದಿಬ್ಬ ಮಾಡಿ. ತರಗೆಲೆಯ ಹೊದಿಕೆ ಕಾಂಡಕ್ಕೆ ತಾಗದೆ ಒಂದು ಗೇಣು ದೂರವಿರಲಿ. ಖಾಲಿ ಕೊಟ್ಟೆಗಳನ್ನು ಎಣಿಸಿ ಮನೆಗೆ ತನ್ನಿ. ಗುಡ್ಡದ ತುಂಬ ಪ್ಲಾಸ್ಟಿಕ್ ಹಾರಾಡುವ ವನಮಹೋತ್ಸವಗಳು ಈಗಾಗಲೇ ಸಾಕಷ್ಟಾಗಿವೆ.

ನೆಡುವುದು ಒಂದು ವಾರದ ಕೆಲಸ, ಕಾಯುವುದು ಮೂರು ವರ್ಷದ್ದು. ಯುಪಟೋರಿಯಂ, ಲಂಟಾನ ಮತ್ತು ಅಕೇಶಿಯಾ ಮೊಳಕೆಗಳನ್ನು ಪ್ರತಿ ಗಿಡದ ಸುತ್ತ ಒಂದು ಮೀಟರಿನಷ್ಟು ಜಾಗದಲ್ಲಿ ಸೆಪ್ಟೆಂಬರಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಕೀಳಬೇಕು. ಜನವರಿಯೊಳಗೆ ಗಡಿಯುದ್ದಕ್ಕೂ ಬೆಂಕಿ ದಾಟಿ ಬರದಂತೆ ಒಣಹುಲ್ಲು ತೆಗೆದು ಮೂರು ನಾಲ್ಕು ಮೀಟರ್ ಅಗಲದ ಬೆಂಕಿ ರೇಖೆ ಸವರಬೇಕು. ದನಗಳಿಗೆ ಬೇಲಿ ಬೇಕು. ಇಷ್ಟಕ್ಕೆ ಆಳುಕಾಳು ಒದಗುವುದಿಲ್ಲವೆಂದು ಕಂಡರೆ ಈ ವರ್ಷ ಅರ್ಧ ಎಕರೆಗಷ್ಟೇ ಕೈಹಾಕಿ.

ಪ್ರಶ್ನೆ: ನರ್ಸರಿಯಲ್ಲಿ ಸಿಗುವ ಜಾತಿಗಳು ಕೆಲವೇ. ಕಾಡಿನ ಬೀಜ ತಂದು ಮನೆಯಲ್ಲೇ ಸಸಿ ಮಾಡಬಹುದೇ? ತುಳಸಿ ಗೌಡರು ತಾಯಿಮರ ಗುರುತಿಸಿ ಬೀಜ ತರುತ್ತಿದ್ದರೆಂದು ಓದಿದ್ದೆ. ತಾಯಿಮರವೆಂದರೆ ಯಾವುದು?
– ಹೊನ್ನಾವರದ ಗೃಹಿಣಿ

ಉತ್ತರ: ಖಂಡಿತ ಮಾಡಬಹುದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯವರಾಗಿ ದುಡಿಮೆ ಆರಂಭಿಸಿ, ಶಾಲೆಯ ಮೆಟ್ಟಿಲು ಹತ್ತದೆಯೇ ಪದ್ಮಶ್ರೀಯವರೆಗೆ ಬಂದವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಯಾವ ಮರದ ಬೀಜ ಯಾವ ವಾರ ಬಲಿಯುತ್ತದೆ, ಯಾವ ಮರದ ಬೀಜ ಚೆನ್ನಾಗಿ ಹುಟ್ಟುತ್ತದೆ ಎಂಬ ಅವರ ತಿಳಿವಳಿಕೆಯನ್ನು ಅರಣ್ಯಾಧಿಕಾರಿಗಳೂ ನೆಚ್ಚಿದ್ದರು. ತಾಯಿಮರವೆಂದರೆ ನಡುವಯಸ್ಸಿನ, ರೋಗವಿಲ್ಲದ, ತುಂಬು ನೆತ್ತಿಯ, ವರ್ಷವರ್ಷವೂ ಧಾರಾಳವಾಗಿ ಕಾಯಿ ಬಿಡುವ ಮರ. ಅದರ ಸುತ್ತ ಅದೇ ಜಾತಿಯ ಬೇರೆ ಮರಗಳೂ ಇರಬೇಕು. ಒಂಟಿಯಾಗಿ ನಿಂತ ಮರದಲ್ಲಿ ಪರಾಗಸ್ಪರ್ಶ ಸರಿಯಾಗಿ ಆಗದೆ ಬೀಜ ಜೊಳ್ಳಾಗುವ ಸಂಭವ ಹೆಚ್ಚು. ಒಂದೇ ಮರದಡಿ ಚೀಲ ತುಂಬಿಸಿಕೊಳ್ಳದೆ, ಹತ್ತಾರು ಮರಗಳಿಂದ ಸ್ವಲ್ಪ ಸ್ವಲ್ಪ ಆಯ್ದುಕೊಳ್ಳಿ, ಪ್ರಾಣಿಪಕ್ಷಿಗಳಿಗೂ ಬಿಡಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಕೇಳಿಯೇ ಆಯಬೇಕು.

ಬೀಜಗಳಲ್ಲಿ ಎರಡು ಸ್ವಭಾವ. ಹಲಸು, ನೇರಳೆ, ಧೂಪ, ರಾಮಪತ್ರೆಯ ಬೀಜಗಳು ಒಣಗಿದರೆ ಸಾಯುತ್ತವೆ. ತಂದ ದಿನವೋ ಮರುದಿನವೋ ತಿರುಳು ತೊಳೆದು ಮಣ್ಣಿಗೆ ಹಾಕಬೇಕು. ಕಕ್ಕೆಯಂಥವು ಡಬ್ಬಿಯಲ್ಲಿಟ್ಟರೂ ಕೆಡುವುದಿಲ್ಲ, ಆದರೆ ಸಿಪ್ಪೆ ಕಲ್ಲಿನಂತಿರುವುದರಿಂದ ಅದರ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ರಾತ್ರಿಯಿಡೀ ನೆನೆಸಿದರೆ ಮಾತ್ರ ಬೇಗ ಮೊಳೆಯುತ್ತವೆ. ಗೋಳಿ, ಬಸರಿಗೆ ಬೀಜದ ಗೋಜೇ ಬೇಡ. ತೋಳಿನ ಗಾತ್ರದ ಕೊಂಬೆಯನ್ನು ಮಳೆಗಾಲದ ಮೊದಲಲ್ಲಿ ಹೂತರೆ ಬೇರು ಬಿಡುತ್ತದೆ. ಬಾಗಿದ ಕೊಂಬೆಯಾದರೂ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮೂರ ಬಳಿ ನೀಲಗಿರಿ ತೆಗೆದ ಐದಾರು ಎಕರೆ ಜಾಗವಿದೆ. ಶಾಲೆಯ ಮಕ್ಕಳಿಂದ ಬೀಜದುಂಡೆ ಮಾಡಿಸಿ ಎರಚಿದರೆ ಕಾಡು ಬೆಳೆಯುತ್ತದೆಯೇ?
– ಹಿರಿಯೂರು ತಾಲ್ಲೂಕಿನ ಶಿಕ್ಷಕರು

ಉತ್ತರ: ಮಕ್ಕಳಿಗೆ ಖುಷಿಯಾಗುತ್ತದೆ, ಕಾಡು ಬೆಳೆಯುವುದು ಕಷ್ಟ. ನೆಲದ ಮೇಲೆ ಬಿದ್ದ ಉಂಡೆಯೊಳಗಿನ ಬೀಜ ಒಂದು ಹದ ಮಳೆಗೆ ಮೊಳೆತು, ಮುಂದಿನ ಮಳೆ ಬರುವಷ್ಟರಲ್ಲಿ ಬೇರು ಮಣ್ಣಿಗಿಳಿಯದೆ ಒಣಗುತ್ತದೆ. ಉಳಿದದ್ದನ್ನು ಇರುವೆ, ಇಲಿ, ಕುರಿಗಳು ನೋಡಿಕೊಳ್ಳುತ್ತವೆ. ಅದೇ ಬೀಜವನ್ನು ಹಾರೆಯಿಂದ ತೂತು ಮಾಡಿ ಎರಡು ಬೆರಳು ಆಳಕ್ಕೆ ಊರಿದರೆ ಬದುಕುವ ಸಾಧ್ಯತೆ ಎಷ್ಟೋ ಹೆಚ್ಚು, ಮಕ್ಕಳಿಗೆ ಅದೂ ಸಲೀಸಾದ ಕೆಲಸವೇ.

ನಿಮ್ಮಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲೂ ಜೋರಾದದ್ದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ. ಎಂ. ಮುನ್ಷಿಯವರು ವನಮಹೋತ್ಸವಕ್ಕೆ ಚಾಲನೆ ಕೊಟ್ಟಾಗ ಗೊತ್ತುಮಾಡಿದ ಜುಲೈ ಮೊದಲ ವಾರ ದೇಶಕ್ಕೆಲ್ಲ ಒಂದೇ; ಹಿರಿಯೂರಿನ ಮೋಡಗಳಿಗೆ ಆ ಸುತ್ತೋಲೆ ತಲುಪಿಲ್ಲ. ಸಸಿ ನೆಡುವುದಾದರೆ ಆಗಸ್ಟ್ ಕೊನೆಯವರೆಗೆ ಕಾಯಿರಿ. ಮರದ ಸುತ್ತ ಇಲ್ಲಿ ದಿಬ್ಬವಲ್ಲ, ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದ ಒಡ್ಡು ಬೇಕು. ಜಾತಿಗಳಲ್ಲಿ ಕಮರವನ್ನು ಮರೆಯಬೇಡಿ. ಮೊದಲ ವರ್ಷಗಳಲ್ಲಿ ಅದು ಮೇಲೆ ಬೆಳೆದಂತೆಯೇ ಕಾಣದೆ ಬೇಸರ ತರಿಸುತ್ತದೆ, ಆದರೆ ಆ ಹೊತ್ತಿಗೆ ಅದರ ತಾಯಿಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಜೊತೆಗೆ ಬೇವು, ತುಗ್ಗಲಿ, ದಿಂಡಿಗ, ಬನ್ನಿ, ಮುತ್ತುಗ ಇರಲಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಉದುರಿದ ಕಾಲಕ್ಕೇ ಊರಿಬಿಡಿ. ನೀಲಗಿರಿಯ ಬುಡಗಳು ಅಕೇಶಿಯಾದಂತಲ್ಲ, ಹಟಹಿಡಿದು ಚಿಗುರುತ್ತವೆ; ಚಿಗುರು ಕಂಡಾಗಲೆಲ್ಲ ಮುರಿಯುತ್ತ ಹೋಗದಿದ್ದರೆ ಮೂರು ವರ್ಷಕ್ಕೆ ಮತ್ತೆ ನೀಲಗಿರಿ ತೋಪೇ ಆಗುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆಯೆಂಬುದು ಊರಿನಲ್ಲಿ ವಾದ ಬಂದರೆ ನಿಮಗೆ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಚಂದ್ರದ್ರೋಣ ಪರ್ವತದ ಬೋಳು ಗುಡ್ಡಗಳಲ್ಲಿ ಸಾವಿರ ಗಿಡ ನೆಡುವ ಯೋಜನೆಯಿದೆ. ಸಲಹೆ ಕೊಡಿ.
– ಚಿಕ್ಕಮಗಳೂರಿನ ಯುವಕರು

ಉತ್ತರ: ನೆಡಬೇಡಿ. ನೀವು ಬೋಳೆಂದು ಕರೆಯುವ ಆ ಗುಡ್ಡಗಳನ್ನು ಯಾರೂ ಬೋಳಿಸಿದ್ದಲ್ಲ. ಕಣಿವೆಗಳಲ್ಲಿ ಶೋಲಾ ಎಂಬ ಕುಳ್ಳು ನಿತ್ಯಹಸಿರಿನ ಕಾಡು, ಬೆನ್ನುಗಳಲ್ಲಿ ಹುಲ್ಲು ಎಂಬುದು ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳ ಸಹಜ ರೂಪ. ಸುರಿಯುವ ಮಳೆಯನ್ನು ಹುಲ್ಲಿನ ಬೇರುಗಳು ಹಿಡಿದು ನಿಧಾನವಾಗಿ ಕಣಿವೆಗೆ ಬಿಡುತ್ತವೆ. 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ನೆಲೆಯೂ ಇಂಥ ಹುಲ್ಲುಗಾವಲೇ. ಬಯಲುಸೀಮೆಯಲ್ಲೂ ಇದೇ ತಪ್ಪು ನಡೆದಿದೆ: ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಹುಭಾಗವನ್ನು ಹಿಂದೆ ನೀಲಗಿರಿ ತೋಪಾಗಿ ಮಾಡಲಾಗಿತ್ತು, ಬಯಲು ಹುಲ್ಲನ್ನೇ ನಂಬಿದ ಪ್ರಾಣಿಗಳ ನಡುಮನೆಯಲ್ಲಿ.

ಕಾಡು ಕಡಿದು ಬಯಲಾದದ್ದೋ, ಮೊದಲಿನಿಂದಲೂ ಹುಲ್ಲೋ ಎಂಬುದನ್ನು ಗುರುತಿಸಲು ಊರಿನ ಹಿರಿಯರನ್ನು, ಅದರಲ್ಲೂ ದನ ಕಾಯುತ್ತಿದ್ದವರನ್ನು ಕೇಳಿ. ಮಣ್ಣಿನಲ್ಲಿ ಹಳೆಯ ಬುಡಗಳೂ, ಹುಲ್ಲಿನ ನಡುವೆ ಕಾಡುಮರಗಳ ಚಿಗುರೂ ಇದ್ದರೆ ಅದು ಕಡಿದ ನೆಲ. ನಿಮ್ಮ ಉತ್ಸಾಹಕ್ಕೆ ತಕ್ಕ ಕೆಲಸ ಆ ಹುಲ್ಲಿನ ಗುಡ್ಡಗಳಲ್ಲೇ ಇದೆ: ಅರಣ್ಯ ಇಲಾಖೆಯೊಡನೆ ಮಾತನಾಡಿ, ಹುಲ್ಲುಗಾವಲಿಗೆ ನುಗ್ಗಿರುವ ಲಂಟಾನ, ಅಕೇಶಿಯಾಗಳನ್ನು ಕೀಳುವ ಕೆಲಸಕ್ಕೆ ಸಾವಿರ ಗಿಡದ ಲೆಕ್ಕವನ್ನು ಬಳಸಿಕೊಳ್ಳಿ.

ಪ್ರಶ್ನೆ: ಒಂದು ಎಕರೆಗೆ ಮಿಯಾವಾಕಿ ಪದ್ಧತಿ ಅನುಸರಿಸಬಹುದೇ?
– ಮೈಸೂರಿನ ಓದುಗರು

ಉತ್ತರ: ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಈ ಪದ್ಧತಿಯಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಸಸಿ ನೆಡುತ್ತಾರೆ. ಎಕರೆಗೆ ಕಡಿಮೆಯೆಂದರೂ 12,000 ಸಸಿ, ಜೊತೆಗೆ ಮಣ್ಣು ಅಗೆದು ಗೊಬ್ಬರ ಬೆರೆಸುವ ಖರ್ಚು. ನಗರದ ಕಾರ್ಖಾನೆಯ ಆವರಣಕ್ಕೋ ಶಾಲೆಯ ಮೂಲೆಗೋ ಸೊಗಸಾಗಿ ಹೊಂದುತ್ತದೆ. ಎಕರೆಗಟ್ಟಲೆ ಜಾಗಕ್ಕೆ ಆ ಹಣದಲ್ಲಿ ಬೇಲಿ ಹಾಕಿಸಿ ಒಬ್ಬ ಕಾವಲುಗಾರನನ್ನು ಇಡುವುದೇ ಲೇಸು.

ಪ್ರಶ್ನೆ: ಸ್ವಂತ ಜಮೀನಿನಲ್ಲಿ ಕಾಡುಮರ ಬೆಳೆಸಿದರೆ ಮುಂದೆ ಕಡಿಯಲು ತೊಂದರೆಯಾಗುತ್ತದೆಂದು ಹೆದರಿಸುತ್ತಾರೆ. ನಿಜವೇ?
– ಶಿರಸಿಯ ಓದುಗರು

ಉತ್ತರ: ಅರ್ಧ ನಿಜ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಅನುಮತಿ ಬೇಕೆಂದರೆ ಕಡಿಯಲೇಬಾರದೆಂದು ಅರ್ಥವಲ್ಲ. ಶ್ರೀಗಂಧದ ಒಡೆತನವೂ 2001ರ ತಿದ್ದುಪಡಿಯ ನಂತರ ಜಮೀನಿನ ಮಾಲೀಕರಿಗೇ ಸೇರಿದೆ, ಕಡಿಯಲು ಮಾತ್ರ ಇಲಾಖೆಯ ಅನುಮತಿ ಬೇಕು. ನೆಟ್ಟ ವರ್ಷವೇ ಮರಗಳ ಜಾತಿ ಮತ್ತು ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಲು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು, ಸಸಿ ಕೊಂಡ ರಸೀದಿಗಳನ್ನು ಜೋಪಾನ ಮಾಡಿ. ಬೀಟೆಯಂಥ ಬೆಲೆಬಾಳುವ ಮರ ತಾನಾಗಿ ಹುಟ್ಟಿದ್ದೋ ನೀವು ನೆಟ್ಟದ್ದೋ ಎಂಬ ಪ್ರಶ್ನೆ ಮೂವತ್ತು ವರ್ಷದ ನಂತರ ಎದ್ದಾಗ ಆ ಕಾಗದಗಳು ನಿಮ್ಮ ಪರವಾಗಿ ಮಾತನಾಡುತ್ತವೆ. ಇಲಾಖೆಯ ನರ್ಸರಿಯಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಪಡೆದರೆ, ಮೂರು ವರ್ಷ ಬದುಕುಳಿದ ಪ್ರತಿ ಗಿಡಕ್ಕೂ ಕಂತಿನಲ್ಲಿ ಪ್ರೋತ್ಸಾಹಧನ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಹೋಗುವಾಗ ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳಿರಲಿ.