ವರ್ಕ್‌ಶಾಪ್ ಪ್ರಶ್ನೋತ್ತರ: ಏರ್ ಬ್ರೇಕಿನ ಗಾಳಿ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ಅದಿರು ಹೊಡೆಯುವ ಹತ್ತು ಗಾಲಿಯ ಟಿಪ್ಪರ್. ಹ್ಯಾಂಡ್ ಬ್ರೇಕ್ ಬಿಟ್ಟ ಕೂಡಲೇ ಹಿಂದಿನ ರಿಲೇ ವಾಲ್ವಿನ (ಪೆಡಲ್ ಒತ್ತಿದಾಗ ಹಿಂದಿನ ಬ್ರೇಕುಗಳಿಗೆ ಗಾಳಿ ಬಿಡುವ ವಾಲ್ವ್) ಕೆಳಗಿನ ತೂತಿನಿಂದ ಬುಸ್ ಎಂದು ಗಾಳಿ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಎರಡು ಸಲ ಹೊಸ ರಿಲೇ ವಾಲ್ವ್ ಹಾಕಿಸಿದರೂ ಅದೇ ಕಥೆ.
– ಲಾರಿ ಮಾಲೀಕರು, ಸಂಡೂರು

ಉತ್ತರ: ಮೂರನೆಯ ವಾಲ್ವ್ ತರಬೇಡಿ. ಗಾಳಿ ಹೊರಬೀಳುತ್ತಿರುವುದು ರಿಲೇ ವಾಲ್ವಿನಲ್ಲಿ, ಕೆಟ್ಟಿರುವುದು ಹೆಚ್ಚುಕಡಿಮೆ ಖಂಡಿತವಾಗಿ ಹಿಂದಿನ ಗಾಲಿಗಳ ಯಾವುದೋ ಒಂದು ಬೂಸ್ಟರ್, ಅಂದರೆ ಗಾಲಿಯ ಬ್ರೇಕನ್ನು ತಳ್ಳುವ ಡಬ್ಬಿ.

ಬೂಸ್ಟರಿನೊಳಗೆ ಎರಡು ಕೋಣೆ. ಮುಂದಿನದು ಕಾಲು ಬ್ರೇಕಿನದು, ಹಿಂದಿನದರಲ್ಲಿ ಹ್ಯಾಂಡ್ ಬ್ರೇಕಿನ ದೊಡ್ಡ ಸ್ಪ್ರಿಂಗ್. ಹ್ಯಾಂಡ್ ಬ್ರೇಕ್ ಬಿಟ್ಟಾಗ ಹಿಂದಿನ ಕೋಣೆಗೆ ಟ್ಯಾಂಕಿನ ಪೂರ್ತಿ ಗಾಳಿ ನುಗ್ಗಿ ಸ್ಪ್ರಿಂಗನ್ನು ಅದುಮಿ ಹಿಡಿಯುತ್ತದೆ. ಎರಡು ಕೋಣೆಗಳ ನಡುವಿನ ಸೀಲ್ ಸವೆದಿದ್ದರೆ ಆ ಗಾಳಿ ಮುಂದಿನ ಕೋಣೆಗೆ ದಾಟಿ, ಕಾಲು ಬ್ರೇಕಿನ ಪೈಪಿನಲ್ಲೇ ವಾಪಸ್ ಬಂದು, ಪೆಡಲ್ ಒತ್ತದಿದ್ದಾಗ ತೆರೆದೇ ಇರುವ ರಿಲೇ ವಾಲ್ವಿನ ಎಕ್ಸಾಸ್ಟ್ ಬಾಯಿಂದ ಹೊರಬೀಳುತ್ತದೆ. ಹ್ಯಾಂಡ್ ಬ್ರೇಕ್ ಹಾಕಿದರೆ ಹಿಂದಿನ ಕೋಣೆ ಖಾಲಿ, ಸದ್ದೂ ಬಂದ್. ಹ್ಯಾಂಡ್ ಬ್ರೇಕ್ ಹಾಕಿದ ಮೇಲೂ ಸೋರುತ್ತಿದ್ದರೆ ಮಾತ್ರ ರಿಲೇ ವಾಲ್ವಿನ ಮೇಲೆ ಅನುಮಾನ ಪಡಬೇಕು.

ನಾಲ್ಕು ಬೂಸ್ಟರುಗಳಲ್ಲಿ ಯಾವುದು ಎಂದು ಹುಡುಕುವುದು ಹೀಗೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ದಿಮ್ಮಿ ಕೊಡಿ. ಗಾಳಿ ಪೂರ್ತಿ ತುಂಬಿಸಿ, ಇಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಪೆಡಲ್ ಯಾರೂ ಮುಟ್ಟಬಾರದು. ಒಂದೊಂದೇ ಬೂಸ್ಟರಿನ ಕಾಲು ಬ್ರೇಕಿನ ಪೈಪ್ ಬಿಚ್ಚಿ ನೋಡಿ. ಅನೇಕ ಬೂಸ್ಟರುಗಳ ಮೇಲೆ ಕಾಲು ಬ್ರೇಕಿನ ಬಾಯಿಗೆ 11, ಹ್ಯಾಂಡ್ ಬ್ರೇಕಿನ ಬಾಯಿಗೆ 12 ಎಂದು ಅಚ್ಚು ಇರುತ್ತದೆ. 12ರದ್ದನ್ನು ಬಿಚ್ಚಿದರೆ ಸ್ಪ್ರಿಂಗ್ ಒಮ್ಮೆಲೇ ಹೊಡೆಯುತ್ತದೆ, ಹುಷಾರು. ಬಿಚ್ಚಿದ ಪೈಪಿನಿಂದಲ್ಲದೆ ಬೂಸ್ಟರಿನ ಬಾಯಿಂದಲೇ ಗಾಳಿ ಬಂದರೆ ಕಳ್ಳ ಸಿಕ್ಕ.

ಸ್ಪ್ರಿಂಗಿನ ಕೋಣೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಿಸಬೇಡಿ. ಕ್ಲ್ಯಾಂಪ್ ಕಳಚಿದ ಕ್ಷಣ ಸ್ಪ್ರಿಂಗ್ ಸಿಡಿದು ಆಳು ಸತ್ತ ಪ್ರಸಂಗಗಳಿವೆ. ನೂರಿನ್ನೂರು ರೂಪಾಯಿಯ ಸೀಲ್ ಹಾಕಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗದೆ ಇಡೀ ಬೂಸ್ಟರ್ ಬದಲಿಸಿ. ತೆಗೆಯುವ ಮುನ್ನ, ಹ್ಯಾಂಡ್ ಬ್ರೇಕ್ ಬಿಟ್ಟು ಗಾಳಿ ತುಂಬಿರುವಾಗಲೇ ರಿಲೀಸ್ ಬೋಲ್ಟನ್ನು ಕೈಪಾನದಿಂದ ತಿರುಗಿಸಿ ಸ್ಪ್ರಿಂಗನ್ನು ಲಾಕ್ ಮಾಡಿ. ಇಂಪ್ಯಾಕ್ಟ್ ಗನ್ ಬೇಡ. ಬಳಿಕ ಟ್ಯಾಂಕ್ ಖಾಲಿ ಮಾಡಿ ಪೈಪ್, ಪಿನ್, ನಟ್ ಕಳಚಿ. ಹೊಸದು ಕೂರಿಸಿ ಗಾಳಿ ತುಂಬಿಸಿದ ಮೇಲೆ ಲಾಕ್ ಬಿಡಿಸಲು ಮರೆತರೆ ಆ ಗಾಲಿಗೆ ಹ್ಯಾಂಡ್ ಬ್ರೇಕೇ ಇರುವುದಿಲ್ಲ. ಸಂಡೂರಿನ ಇಳಿಜಾರಿನಲ್ಲಿ ಲೋಡ್ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಹಾರುಬೂದಿ ಸಾಗಿಸುವ ಬಲ್ಕರ್. ಬ್ರೇಕ್ ಒತ್ತಿದಾಗ ಮಾತ್ರ ಮುಂದಿನ ಎಡಗಾಲಿಯ ಹತ್ತಿರ ಸದ್ದು. ಬಿಟ್ಟರೆ ಇಲ್ಲ.
– ಚಾಲಕರು, ಶಕ್ತಿನಗರ, ರಾಯಚೂರು

ಉತ್ತರ: ಆ ಗಾಲಿಯ ಬ್ರೇಕ್ ತಳ್ಳುವ ಚೇಂಬರಿನ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ಹರಿದಿದೆ, ಇಲ್ಲವೇ ಕ್ಲ್ಯಾಂಪ್ ರಿಂಗ್ ಸಡಿಲಾಗಿದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸೋಪಿನ ನೀರು ಹಚ್ಚಲಿ. ರಿಂಗಿನ ಸುತ್ತ ನೊರೆ ಬಂದರೆ ರಿಂಗನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತಾ ಎರಡೂ ಬೋಲ್ಟ್ ಸಮನಾಗಿ ಬಿಗಿಯಿರಿ. ಪುಶ್ ರಾಡ್ ಹೊರಬರುವ ಕಡೆಯಿಂದ ಗಾಳಿ ಬಂದರೆ ಡಯಾಫ್ರಂ ಹೋಗಿದೆ.

ಕೊಳ್ಳುವಾಗ ನಂಬರ್ ನೋಡಿ. 24 ಎಂದರೆ 24 ಚದರ ಇಂಚಿನ ಚೇಂಬರ್, 7 ಬಾರ್ ಗಾಳಿಗೆ ಸುಮಾರು 1,100 ಕೆ.ಜಿ. ಬಲದಿಂದ ತಳ್ಳುತ್ತದೆ. ಅವಸರಕ್ಕೆ ಸಿಕ್ಕಿತೆಂದು ಒಂದು ಕಡೆ 20, ಇನ್ನೊಂದು ಕಡೆ 24 ಹಾಕಿದರೆ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಪಕ್ಕಕ್ಕೆ ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಇಂಜಿನ್ ಬಂದ್ ಮಾಡಿ ಪೆಡಲ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಒತ್ತಿದಾಗಿನ ಮೊದಲ ಇಳಿತ ಲೆಕ್ಕಕ್ಕಿಲ್ಲ. ಆಮೇಲೆ ಗಾಳಿ ಮೀಟರಿನ ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕು. ಅಮೆರಿಕದ ಚಾಲಕರ ಪರೀಕ್ಷೆಯಲ್ಲಿ ಒಂಟಿ ಲಾರಿಗೆ ನಿಮಿಷಕ್ಕೆ 3 ಪಿಎಸ್‌ಐ, ಅಂದರೆ ಸುಮಾರು 0.2 ಬಾರ್‌ ತನಕ ಇಳಿಯಬಹುದು. ಟ್ರೇಲರ್ ಕೂಡಿದರೆ 4 ಪಿಎಸ್‌ಐ. ಆ ಅಳತೆಯನ್ನು ನಾವೂ ಇಟ್ಟುಕೊಳ್ಳಬಹುದು.

ಪ್ರಶ್ನೆ: ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನ ಕೆಳಗಿನ ತೂತಿನಿಂದ ಸದಾ ಗಾಳಿ. ಬೋಲ್ಟ್ ಹಾಕಿ ಮುಚ್ಚಿಬಿಡಿ ಎನ್ನುತ್ತಾರೆ.
– ಗಿಣಿಗೇರಾ, ಕೊಪ್ಪಳ

ಉತ್ತರ: ಮುಚ್ಚಲೇಬೇಡಿ. ಒತ್ತಡ ತುಂಬಿದ ಮೇಲೆ ಕಂಪ್ರೆಸರಿನ ಗಾಳಿ, ನೀರು, ಎಣ್ಣೆ ಹೊರಹೋಗುವ ದಾರಿಯೇ ಅದು. ಮುಚ್ಚಿದರೆ ಸೇಫ್ಟಿ ವಾಲ್ವ್ ಒದರುವ ತನಕ ಒತ್ತಡ ಏರುತ್ತಲೇ ಹೋಗುತ್ತದೆ.

ಯಾವಾಗ ಸೋರುತ್ತದೆ ಎಂದು ಗಮನಿಸಿ. ಗಾಳಿ ಇನ್ನೂ ತುಂಬುತ್ತಿರುವಾಗಲೇ ಹೋಗುತ್ತಿದ್ದರೆ ಆ ತೂತನ್ನು ತೆರೆದು ಮುಚ್ಚುವ ಪರ್ಜ್ ವಾಲ್ವಿನ ಸೀಟಿನ ಮೇಲೆ ಕರಿ, ಜಿಡ್ಡು ಕೂತಿದೆ. ಬಿಚ್ಚಿ ತೊಳೆದು ರಬ್ಬರ್ ಬದಲಿಸಿ. ಕಟಾಫ್ ಆದಾಗ (ಒತ್ತಡ ಪೂರ್ತಿ ತುಂಬಿದಾಗ) ಪುಸ್ ಎಂದದ್ದು ಅರ್ಧ ನಿಮಿಷ ಕಳೆದರೂ ನಿಲ್ಲದೆ, ಜೊತೆಗೆ ಮುಳ್ಳೂ ಇಳಿಯುತ್ತಿದ್ದರೆ ಟ್ಯಾಂಕಿನ ಗಾಳಿ ವಾಪಸ್ ಬರದಂತೆ ತಡೆಯುವ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಜಿಡ್ಡು ತೀರಾ ಹೆಚ್ಚಿದ್ದರೆ ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ. ಅದರ ರಿಂಗ್ ನೋಡದೆ ಹೊಸ ಡ್ರೈಯರ್ ಫಿಲ್ಟರ್ ಹಾಕಿಸುವುದು ದುಡ್ಡು ದಂಡ.

ಪ್ರಶ್ನೆ: ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ ಗಾಳಿಯೇ ಇರುವುದಿಲ್ಲ. ಜಾಯಿಂಟುಗಳಿಗೆಲ್ಲ ಟೆಫ್ಲಾನ್ ಟೇಪ್ ಸುತ್ತಿಸಿದ್ದೇವೆ.
– ಬಳ್ಳಾರಿ

ಉತ್ತರ: ಗಾಳಿ ಮೀಟರಿನ ಎರಡೂ ಮುಳ್ಳು ನೋಡಿ, ಒಂದೊಂದೂ ಒಂದೊಂದು ಬ್ರೇಕ್ ಸರ್ಕ್ಯೂಟಿನದು. ಒಂದೇ ಬೇಗ ಇಳಿದರೆ ಆ ಸರ್ಕ್ಯೂಟಿನ ಟ್ಯಾಂಕಿನಿಂದಲೇ ಹುಡುಕಾಟ ಶುರುವಾಗಲಿ, ಅರ್ಧ ಕೆಲಸ ಕಡಿಮೆಯಾಗುತ್ತದೆ. ಟ್ಯಾಂಕಿನ ಡ್ರೈನ್ ವಾಲ್ವನ್ನು ಮೊದಲು ನೋಡಿ. ಅದಿರಿನ ಕೆಂಪು ದೂಳು ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚದಿರುವುದು ನಮ್ಮ ಭಾಗದಲ್ಲಿ ಮಾಮೂಲು.

ಟೇಪ್ ತೆಗೆಸಿ. ಅದರ ಚೂರು ವಾಲ್ವಿನೊಳಗೆ ಹೋದರೆ ಹೊಸ ಸೋರಿಕೆ. ಈ ಜಾಯಿಂಟುಗಳಲ್ಲಿ ಗಾಳಿ ಹಿಡಿಯುವುದು ಓ-ರಿಂಗ್, ವಾಷರ್, ಅವನ್ನೇ ಬದಲಿಸಿ. ನೈಲಾನ್ ಪೈಪನ್ನು ಆಕ್ಸಾ ಬ್ಲೇಡಿನಿಂದ ಓರೆಯಾಗಿ ಕೊಯ್ಯದೆ ಕಟರ್‌ನಿಂದ ನೇರ ಕತ್ತರಿಸಿ, ಒಳಗಿನ ಹಿತ್ತಾಳೆ ತೋಳು ಮರೆಯದೆ ಹಾಕಿ. ಸೈಲೆನ್ಸರ್ ಹತ್ತಿರ ಹಾದುಹೋಗುವ ಪೈಪನ್ನು ದೂರ ಸರಿಸಿ ಕಟ್ಟಿಸಿ.