ಸ್ಕ್ವಾಡಿಗೆ ಸೇರಿದ ಮೇಲೆ ಮಂಕಾದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಲಗೈ ವೇಗದ ಬೌಲರ್, 14 ವರ್ಷ. ಚೆನ್ನಾಗಿ ಆಡುವ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಡೆವಲಪ್‌ಮೆಂಟ್ ಸ್ಕ್ವಾಡಿಗೆ ಆಯ್ಕೆಯಾಗಿ ಕೆಲವೇ ತಿಂಗಳಾಗಿತ್ತು. "ಮೊದಲೆಲ್ಲ ಕಿಟ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲೇ ಕಾಯ್ತಿದ್ದ. ಈಗ ಪ್ರಾಕ್ಟೀಸ್ ಅಂದ್ರೆ ಸಾಕು, ಹೊಟ್ಟೆನೋವು ಅಂತಾನೆ. ಸೆಲೆಕ್ಟ್ ಆಗಿದ್ದೇ ತಡ, ಜಂಬ ಬಂದಿದೆ" ಎಂದು ತಂದೆ ನನ್ನ ಹತ್ತಿರ ಬೇಸರ ತೋಡಿಕೊಂಡರು.

ಹುಡುಗನ ಜೊತೆ ಬೇರೆಯಾಗಿ ಕೂತೆ. ಆಟ ಬೇಜಾರಾಯ್ತಾ ಅಂತ ಕೇಳಲಿಲ್ಲ. ಹೋದ ವಾರ ನೆಟ್ಸ್‌ನಲ್ಲಿ ಏನೇನಾಯ್ತು ಹೇಳು ಅಂದೆ. ಅವನು ಎದ್ದು ನಿಂತು ಮಾಡಿಯೇ ತೋರಿಸಿದ. ಕ್ಲಬ್ ಕೋಚ್ ಕಲಿಸಿದ್ದು ಸೈಡ್-ಆನ್ ಆಕ್ಷನ್, ಅಂದರೆ ಎದೆ ಪಕ್ಕಕ್ಕೆ ತಿರುಗಿಸಿ ಬೌಲ್ ಮಾಡುವ ಶೈಲಿ. ಸ್ಕ್ವಾಡಿನಲ್ಲಿ ಒಬ್ಬ ಕೋಚ್ ಎದೆ ಬ್ಯಾಟ್ಸ್‌ಮನ್ ಕಡೆ ತಿರುಗಲಿ ಅಂದರು. ಮುಂದಿನ ವಾರ ಇನ್ನೊಬ್ಬರು ಬಂದು ರನ್-ಅಪ್ ಬದಲಿಸಿದರು. ಈಗ ಅವನ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ತೋರಿಸುತ್ತಿದ್ದವನು ಕೆಳಬೆನ್ನಿನ ಎಡಗಡೆ ಕೈ ಒತ್ತಿಕೊಂಡು ನಿಂತುಬಿಟ್ಟ.

"ನೋವಾ?"

"ಸ್ವಲ್ಪ. ಹೇಳಿದ್ರೆ ಟೀಮಿಂದ ತೆಗೀತಾರೆ."

ಸೊಂಟ, ಭುಜ ಬೇರೆ ಬೇರೆ ದಿಕ್ಕಿಗೆ ತಿರುಗುವ ಮಿಕ್ಸ್ಡ್ ಆಕ್ಷನ್‌ಗೂ ಕೆಳಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ಗೂ (ಮತ್ತೆ ಮತ್ತೆ ಒತ್ತಡ ಬಿದ್ದು ಮೂಳೆ ಬಿಡುವ ಬಿರುಕು) ನಂಟಿದೆ. ಬಲಗೈ ಬೌಲರ್‌ಗಳಲ್ಲಿ ಅದು ಹೆಚ್ಚಾಗಿ ಎಡಗಡೆಯೇ ಬರುತ್ತದೆ. ಬೆಳೆಯುವ ಮಕ್ಕಳಿಗೆ ವೇಗದ ಬೌಲಿಂಗ್ ಕಲಿಸುವವರಿಗೆ ಇದು ಗೊತ್ತಿರಲೇಬೇಕು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ 15 ವರ್ಷದೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ನಲ್ಲಿ (ಒಂದೇ ಸರದಿಯಲ್ಲಿ ಸತತವಾಗಿ) 6 ಓವರ್, ದಿನಕ್ಕೆ 12 ಓವರ್ ಎಂದು ಮಿತಿ ಹಾಕಿದ್ದು ಈ ಬೆನ್ನು ಉಳಿಯಲಿ ಅಂತಲೇ. ಇವನು ಶಾಲೆ, ಕ್ಲಬ್, ಸ್ಕ್ವಾಡ್ ಮೂರೂ ಕಡೆ ಬೌಲ್ ಮಾಡುತ್ತಿದ್ದ. ಒಂದೊಂದು ಕಡೆ ನೋಡಿದರೆ ಜಾಸ್ತಿ ಅನ್ನಿಸುವುದಿಲ್ಲ. ಮೂರನ್ನೂ ಕೂಡಿಸಿ ನೋಡಿದವರೇ ಇಲ್ಲ! ಆಯ್ಕೆ ಮಾಡುವಾಗ ಇರುವ ಕಾಳಜಿ ಕಲಿಸುವಾಗಲೂ ಬೇಕು, ಅಲ್ವಾ?

ಹುಡುಗನ ಒಪ್ಪಿಗೆ ಪಡೆದು ತಂದೆಯನ್ನು ಒಳಗೆ ಕರೆದೆ. ಮೊದಲು ಕ್ರೀಡಾ ವೈದ್ಯರಿಗೆ ತೋರಿಸಿ, ಅವರು ಹೇಳುವವರೆಗೆ ಒಂದು ಬಾಲೂ ಬೇಡ ಎಂದೆ. ಆಮೇಲೆ ಸ್ಕ್ವಾಡಿನ ಮುಖ್ಯ ಕೋಚ್ ಹತ್ತಿರ ಹೋಗಿ, ಆದರೆ ಜಗಳಕ್ಕಲ್ಲ. ಎರಡೇ ಪ್ರಶ್ನೆ ಕೇಳಿ: ಈ ಸೀಸನ್‌ನಲ್ಲಿ ಇವನು ತಿದ್ದಿಕೊಳ್ಳಬೇಕಾದ ಒಂದು ವಿಷಯ ಯಾವುದು? ಕ್ಲಬ್ ಕೋಚ್ ಜೊತೆ ಮಾತಾಡುವವರು ಯಾರು? ಒಳ್ಳೆ ಕೋಚ್‌ಗೆ ಇವು ಕಷ್ಟದ ಪ್ರಶ್ನೆಗಳೇ ಅಲ್ಲ. ಮನೆಗೆ ಬರುವ ದಾರಿಯಲ್ಲಿ ಎಷ್ಟು ವಿಕೆಟ್ ಅಂತ ಕೇಳುವುದನ್ನೂ ನಿಲ್ಲಿಸಿ ಎಂದೆ. ಅದಕ್ಕೆ ಅವರು ತಲೆ ತಗ್ಗಿಸಿದರು.

ಹುಡುಗನಿಗೆ ಒಂದೇ ಅಭ್ಯಾಸ ಮಾಡಿಸಿದೆ. "ಸರ್, ಬೆನ್ನು ನೋಯ್ತಿದೆ, ಇವತ್ತು ಬೌಲ್ ಮಾಡಲ್ಲ." ಮೊದಲ ಸಲ ದನಿಯೇ ಬರಲಿಲ್ಲ. ಗಟ್ಟಿಯಾಗಿ ಹೇಳುವವರೆಗೂ ಹೇಳಿಸಿದೆ.

ಸ್ಕ್ಯಾನ್‌ನಲ್ಲಿ ಮೂಳೆಗೆ ಒತ್ತಡ ಬಿದ್ದಿರುವುದು ಕಾಣಿಸಿತು. ಬಿರುಕು ಇನ್ನೂ ಬಿಟ್ಟಿರಲಿಲ್ಲ. ವೈದ್ಯರು ಪೂರ್ತಿ ವಿಶ್ರಾಂತಿ ಹೇಳಿದ್ದಾರೆ. ಇನ್ನು ಮುಂದೆ ಇವನ ಆಕ್ಷನ್ ಬಗ್ಗೆ ಒಬ್ಬರೇ ಮಾತಾಡುತ್ತಾರೆ ಎಂದು ಮುಖ್ಯ ಕೋಚ್ ಒಪ್ಪಿದ್ದಾರೆ. ಮೂರೂ ಕಡೆಯ ಬಾಲ್ ಲೆಕ್ಕ ಇಡುವವರು ಯಾರು ಎಂಬುದಕ್ಕೆ ಮಾತ್ರ ಅವರಿಂದ ಉತ್ತರ ಬಂದಿಲ್ಲ. ಉತ್ತರ ಬರುವವರೆಗೆ, ಮತ್ತೆ ಬೌಲಿಂಗ್ ಶುರು ಮಾಡಿದಾಗ ಹುಡುಗನೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ, ವಾರಕ್ಕೊಮ್ಮೆ ಕೋಚ್‌ಗೆ ತೋರಿಸಲಿ ಎಂದು ಹೇಳಿದ್ದೇನೆ.